ದ್ಯಾಮವ್ವನ ಹೆಸರಿನ ಮೀನು

ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ದವಡೆಯೇ ಇಲ್ಲದ ಮೀನುಗಳಿದ್ದವು. ಕಚ್ಚಲು ಬಾರದ ಪ್ರಾಣಿಗಳು, ಮೈಗೆಲ್ಲ ಮೂಳೆಯ ಕವಚ. ಈಗ ಅವು ಕಲ್ಲಿನೊಳಗಿನ ಅಚ್ಚುಗಳಷ್ಟೇ. ಒಂದು ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲುಗಳನ್ನು ವಿಂಗಡಿಸಿ, ಯಾವುದು ಯಾವ ಕುಟುಂಬದ್ದೆಂದು ಚೀಟಿ ಬರೆಯುವವನು ನಿರ್ವಾಣಪ್ಪ.

ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ತಾಯಿ ದ್ಯಾಮವ್ವ ತೀರಿಹೋದ ವರ್ಷ ಅವನ ಕೈಗೆ ಕೆಲವು ಚಪ್ಪಟೆ ಕವಚಗಳು ಸಿಕ್ಕಿದವು. ಆಗಲೇ ಗೊತ್ತಿದ್ದ ಉಬ್ಬು ಕವಚದ ಮೀನಿಗಿಂತ ಇವು ಬೇರೆ ಎಂದು ಹೊಸ ಕುಟುಂಬ ಮಾಡಿ, ಅದಕ್ಕೆ ತಾಯಿಯ ಹೆಸರಿಟ್ಟ.

ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುತ್ತಿದ್ದ ವೇಣುಬಾಯಿ ಸುಮ್ಮನಿರಲಿಲ್ಲ.

"ನಿರ್ವಾಣಪ್ಪನವರ, ಉಬ್ಬಿದ್ದು ಬೆನ್ನು, ಚಪ್ಪಟಿ ಇದ್ದದ್ದು ಹೊಟ್ಟಿ. ಒಂದ ಮೀನನ್ನ ಎರಡು ಮನಿಗೆ ಹಂಚೀರಿ."

"ನಿಮಗ ಹೊಟ್ಟಿಕಿಚ್ಚು, ಬಾಯಾರ."

"ಮೀನಿಗೆ ದವಡಿ ಇಲ್ಲಂತ ನಾನೂ ಬಾಯಿ ಮುಚ್ಚಿಕೊಂಡು ಕೂಡಬೇಕೇನು?"

ಅಂದಿನಿಂದ ಮಾತು ನಿಂತಿತು. ನಿರ್ವಾಣಪ್ಪ ಇಬ್ಬರ ನಡುವೆ ಒಂದು ಬೀರು ತಂದು ನಿಲ್ಲಿಸಿದ. ಹದಿನೆಂಟು ವರ್ಷ! ಒಂದೇ ಕೋಣೆ, ಒಂದೇ ಫ್ಯಾನು. ಅವಳು ಕೆಮ್ಮಿದರೆ ಕೇಳುತ್ತಿತ್ತು. ನೀರು ಬೇಕೇ ಎನ್ನಲು ಇವನ ನಾಲಿಗೆ ಏಳುತ್ತಿರಲಿಲ್ಲ. ಭಾನುವಾರವಿಡೀ ಮನೆಯಲ್ಲಿ ಮಾತಿಲ್ಲದೆ ಕಳೆದು, ಸೋಮವಾರ ಕಾವಲುಗಾರನಿಗೆ ನಮಸ್ಕಾರ ಹೇಳಹೋದರೆ ಗಂಟಲು ಕಟ್ಟಿರುತ್ತಿತ್ತು.

ಒಂದು ಮಧ್ಯಾಹ್ನ ಹೊಸ ಪೆಟ್ಟಿಗೆ ಬಂತು. ನಿರ್ವಾಣಪ್ಪ ಬಿಚ್ಚಿದ. ಕಲ್ಲಿನಲ್ಲಿ ಇಡೀ ಮೀನು: ಮೇಲೆ ಉಬ್ಬು ಕವಚ, ಕೆಳಗೆ ಚಪ್ಪಟೆ ಕವಚ, ಅಂಚಿಗೆ ಅಂಚು ಕೂಡಿಕೊಂಡಿತ್ತು.

ಒಂದೇ ಮೀನಿಗೆ ಎರಡು ಹೆಸರು ಬಿದ್ದರೆ ಮೊದಲಿಟ್ಟದ್ದೇ ನಿಲ್ಲಬೇಕು. ಅದು ಅವರ ಕಸುಬಿನ ಕಟ್ಟಳೆ. ಉಬ್ಬು ಕವಚದ ಹೆಸರು ಹಳೆಯದು. ಅಳಿಯಬೇಕಾದ್ದು ದ್ಯಾಮವ್ವನದು. ಜಗತ್ತಿನಲ್ಲಿ ಆ ಹೆಸರು ಹೇಳುವವರು ಇನ್ನಾರೂ ಇರಲಿಲ್ಲ. ಪೆಟ್ಟಿಗೆ ಬಿಚ್ಚಿದ್ದನ್ನೂ ಯಾರೂ ನೋಡಿರಲಿಲ್ಲ. ಕಲ್ಲನ್ನು ಒಂದು ಮೂಲೆಗೆ ತಳ್ಳಿದರೆ ಮುಗಿಯಿತು.

ತಳ್ಳಲು ಕೈ ಬರಲಿಲ್ಲ. ಅವ್ವ ಇದ್ದಿದ್ದರೆ ಸುಳ್ಳಿನ ಮೇಲೆ ತನ್ನ ಹೆಸರು ಬರೆಸಿಕೊಳ್ಳುತ್ತಿದ್ದಳೇ? ಕಲ್ಲೆತ್ತಿಕೊಂಡು ಬೀರುವಿನ ಆಚೆ ಬದಿಗೆ ಹೋದ.

"ಬಾಯಾರ, ನೀವು ಹೇಳಿದ್ದ ಖರೆ."

ವೇಣುಬಾಯಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ಕಲ್ಲನ್ನು ನೋಡಿದಳು.

"ನಾಲ್ಕು ಹೆಜ್ಜಿಗೆ ಹದಿನೆಂಟು ವರ್ಷ ಹಿಡೀತೇನ್ರಿ? ಈ ತಿಂಗಳಿಗೆ ನನಗ ನಿವೃತ್ತಿ. ಇನ್ನ ಒಂಬತ್ತ ದಿನ."

ಅವನಿಗೆ ಅದೂ ಗೊತ್ತಿರಲಿಲ್ಲ. ಚಪ್ಪಟೆ ಕವಚಗಳ ಹಳೆಯ ಚೀಟಿ ತಂದು, ಪೆನ್ಸಿಲ್ ತೆಗೆದು, ಅದರಲ್ಲಿದ್ದ ತಾಯಿಯ ಹೆಸರಿನ ಮೇಲೆ ತಾನೇ ಗೆರೆ ಎಳೆದ.

"ಕೂಡ್ರಿ," ಎಂದಳು ವೇಣುಬಾಯಿ. "ನಿಮ್ಮವ್ವ ಹೆಂಗಿದ್ರು, ಹೇಳ್ರಿ."

ಅವನು ಹೇಳತೊಡಗಿದ. ಒಂಬತ್ತು ದಿನವೂ ಹೇಳಿದ. ಮುಗಿಯಲಿಲ್ಲ.

ನೀತಿ: ತಪ್ಪು ಒಪ್ಪಿಕೊಂಡರೆ ಹೋಗುವುದು ಒಂದು ಹೆಸರು, ಒಂದು ಚೀಟಿ. ಒಪ್ಪದೆ ಹಟ ಹಿಡಿದರೆ ಹೋಗುವುದು ಜೊತೆಯಾಗಿ ಕಳೆಯಬಹುದಾಗಿದ್ದ ವರ್ಷಗಳು. ಆಮೇಲೆ ಒಪ್ಪಿಕೊಂಡರೂ ಅವು ಹಿಂತಿರುಗುವುದಿಲ್ಲ.