ಗೀಜಗನ ಗೂಡಿನ ದೇವರ ಕೋಣೆ

ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಒಂದು ಗೀಜಗ ಗೂಡು ನೇಯ್ದು, ಒಳಗೆ ಎರಡು ಕೋಣೆ ಮಾಡಿತು. ಒಂದು ಹೆಂಡತಿಗೆ, ಮರಿಗಳಿಗೆ. ಇನ್ನೊಂದು ದೇವರಿಗೆ. ಎಲ್ಲಿಂದಲೋ ಹತ್ತಿ ತಂದು ಆ ಕೋಣೆಗೆ ಮಾತ್ರ ಹಾಸಿತು.

“ದೇವರು ಇದ್ದಾನೆಂದು ನಿಮಗೆ ಗೊತ್ತೇ?” ಎಂದು ಹೆಂಡತಿ ಕೇಳಿತು.

“ಗೊತ್ತಿಲ್ಲ. ಇದ್ದು, ಒಂದು ದಿನ ಬಂದೇಬಿಟ್ಟರೆ ಕೋಣೆ ಸಿದ್ಧವಾಗಿರುತ್ತದೆ. ಇಲ್ಲದಿದ್ದರೆ ನಮಗೆ ನಷ್ಟವೇನು? ನಾಲ್ಕು ಎಳೆ ಹುಲ್ಲು, ಒಂದು ಹಿಡಿ ಹತ್ತಿ.”

“ಅಷ್ಟೇ ಆಗಿದ್ದರೆ ನಾನೇಕೆ ಮಾತಾಡುತ್ತಿದ್ದೆ? ಮರಿಗಳು ಬೆಳೆದಿವೆ. ಒಂದು ಮಗ್ಗುಲು ಬದಲಿಸಿದರೆ ಇನ್ನೊಂದು ಬಾಗಿಲ ಅಂಚಿಗೆ ಬರುತ್ತದೆ. ಕಿರಿಯದು ನೆಟ್ಟಗೆ ನಿದ್ದೆ ಮಾಡಿ ಎಷ್ಟು ದಿನವಾಯಿತೋ.”

“ಸ್ವಲ್ಪ ಹೊಂದಿಕೊಳ್ಳಲಿ,” ಎನ್ನುತ್ತ ಗೀಜಗ ದೇವರ ಕೋಣೆಯ ಧೂಳನ್ನು ರೆಕ್ಕೆಯಿಂದ ಗುಡಿಸಿತು.

ಅಂದು ಸಂಜೆ ಗಾಳಿಗೆ ಗೂಡು ಜೋರಾಗಿ ತೂಗಿತು. ಒಳಗಿನ ಮರಿಗಳು ಹೊರಳಿದವು. ಅಂಚಿನಲ್ಲಿದ್ದ ಕಿರಿಯದು ಬಾಗಿಲಿನಿಂದ ಜಾರಿತು. ಕೆಳಗೆ ಬಾವಿ. ಗೀಜಗ ಅದರ ಪುಕ್ಕವನ್ನು ಕೊಕ್ಕಿನಲ್ಲಿ ಕಚ್ಚಿ ಮೇಲೆಳೆದು, ಹಿಂದುಮುಂದು ನೋಡದೆ ದೇವರ ಕೋಣೆಗೆ ತಳ್ಳಿತು. ಮರಿ ಹತ್ತಿಯ ಮೇಲೆ ಕಾಲು ಚಾಚಿ ಹಾಗೇ ನಿದ್ದೆಹೋಯಿತು. ಅದು ಕಾಲು ಚಾಚಿ ಮಲಗಿದ್ದನ್ನು ಗೀಜಗ ನೋಡಿದ್ದು ಅದೇ ಮೊದಲು. ತುಂಬ ಹೊತ್ತು ನೋಡುತ್ತಲೇ ಕುಳಿತಿತು.

ಬೆಳಿಗ್ಗೆ ಹೆಂಡತಿ ಕೇಳಿತು: “ಇವತ್ತೇ ದೇವರು ಬಂದರೆ?”

“ಮೆಲ್ಲಗೆ ಮಾತಾಡು,” ಎಂದಿತು ಗೀಜಗ. “ಬಂದರೆ, ಮಗು ಮಲಗಿದೆ, ಸ್ವಲ್ಪ ಹೊರಗೇ ಕೂತಿರಪ್ಪ ಅನ್ನುತ್ತೇನೆ.”