ಎರಡು ಬುರುಡೆ ನೀರು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಊರು ಮೊದಲು ಬಂದವರದು ತಾನೆ? ಕೆರೆಯಾಚೆ ನಿನ್ನೆ ಮೊನ್ನೆ ಗುಡಿಸಲು ಹಾಕಿದವರು ನಮ್ಮ ಬಾವಿಗೆ ಕೊಡ ಇಳಿಸಿದರೆ ಸುಮ್ಮನಿರಬೇಕೆ?"

ಗುರು ಹೇಳಿದರು:

ಆಫ್ರಿಕಾ ಖಂಡದಲ್ಲಿ ನೈಜರ್ ಎಂಬ ಮಹಾನದಿ. ಅದಕ್ಕೆ ಕಡೂನಾ ಹೊಳೆ ಬಂದು ಸೇರುವ ಸೀಮೆ ನೂಪೆ ಜನರ ನಾಡು. ಅಲ್ಲಿಯ ಒಂದು ಊರಿಗೆ ಗಾಜಿನ ಮಣಿ ಮಾಡುವವನೊಬ್ಬ ದೋಣಿಯಲ್ಲಿ ಬಂದ. ಮೂಡಲ ಸೀಮೆಯಲ್ಲಿ ಯುದ್ಧ ಹತ್ತಿ ಮನೆಮಾರು ಕಳೆದುಕೊಂಡವನು. ಜೊತೆಗೆ ತುಂಬು ಬಸುರಿ ಮಗಳು. ಅವಳಿಗೆ ಆಗಲೇ ನೋವು ಕಾಣಿಸಿಕೊಂಡಿತ್ತು.

ಆ ಊರಿನ ಕಟ್ಟಳೆಯೆಂದರೆ, ಮೊದಲು ನೆಲೆಸಿದವನ ವಂಶದ ಹಿರಿಯ ಸೋರೆಬುರುಡೆಯಲ್ಲಿ ನೀರು ಕೊಟ್ಟ ಮೇಲೆಯೇ ಹೊಸಬ ದಡಕ್ಕೆ ಕಾಲಿಡಬೇಕು. ಆ ಹಿರಿಯ ತಾನೇ ಎಂದು ಬುರುಡೆ ತುಂಬಿಸಿಕೊಂಡು ಇಬ್ಬರು ಬಂದರು. ಒಬ್ಬ ಬೆಸ್ತ, ಇನ್ನೊಬ್ಬ ರೈತ.

ಬೆಸ್ತನ ಅಜ್ಜ ಬಂದಾಗ ನೈಜರ್ ಬರೀ ಹಳ್ಳವಂತೆ. ಅವನು ಬಲೆ ಹಿಂಡಿದ ನೀರಿಗೇ ಅದು ಮಹಾನದಿಯಾಯಿತಂತೆ. ರೈತ ಬಿಟ್ಟಾನೆಯೆ? ಅವನ ಅಜ್ಜ ಬಂದಾಗ ಹಳ್ಳವೂ ಇರಲಿಲ್ಲವಂತೆ. ಅಜ್ಜ ಗುದ್ದಲಿ ಎಳೆದುಕೊಂಡು ನಡೆದ ಗೆರೆ ಹಿಡಿದು ಹೊಳೆ ಆಮೇಲೆ ಬಂತಂತೆ.

"ಹಾಗಾದರೆ ನಮ್ಮಜ್ಜ ಬಲೆ ಬೀಸಿದ್ದು ನಿಮ್ಮಜ್ಜನ ಗೆಣಸಿನ ಹೊಲಕ್ಕೇನಯ್ಯಾ?" ಎಂದ ಬೆಸ್ತ.

"ಮತ್ತೆ? ನಿಮ್ಮಜ್ಜ ಗೆಣಸು ಕದಿಯುತ್ತಾನೆಂದೇ ನಮ್ಮಜ್ಜ ಹೊಳೆ ತರಿಸಿದ್ದು" ಎಂದ ರೈತ.

ಜನ ನಕ್ಕರು. ಮಣಿಗಾರನಿಗೆ ನಗು ಬರಲಿಲ್ಲ. ಮಗಳು ದೋಣಿಯ ಅಂಚು ಹಿಡಿದು ಹಲ್ಲು ಕಚ್ಚಿದ್ದಳು. ಯಾರ ಬುರುಡೆಯಾದರೂ ಸರಿ ಎಂದು ಅವನು ಕೈ ಚಾಚಿದ. ಒಬ್ಬ ಕೊಡಬಂದರೆ ಇನ್ನೊಬ್ಬ ತಡೆದ. ನೀರೆಲ್ಲ ಮರಳಿಗೆ ಚೆಲ್ಲಿತು. ಮತ್ತೆ ತುಂಬಿಸಿಕೊಂಡರು. ಅಜ್ಜಂದಿರನ್ನು ಬಿಟ್ಟು ಮುತ್ತಜ್ಜಂದಿರನ್ನು ಹಿಡಿದರು.

ಅಷ್ಟರಲ್ಲಿ ದಡಕ್ಕೆ ಕಟ್ಟಿದ ದೋಣಿಯಲ್ಲೇ ಹೆರಿಗೆಯಾಯಿತು. ಕೂಸು ಅತ್ತಿತು. ಇಬ್ಬರೂ ಜಗಳ ಬಿಟ್ಟು ದೋಣಿಯತ್ತ ತಿರುಗಿದರು.

ಮಣಿಗಾರ ಕೂಸನ್ನು ಎತ್ತಿ ಹಿಡಿದ. "ಹಿರಿಯರೇ, ನಾನು ಹೊರಗಿನವನು, ಒಪ್ಪಿದೆ. ಇದು ಇಲ್ಲೇ ಹುಟ್ಟಿದ್ದು. ಇಳಿಯುವುದಕ್ಕೆ ಅಪ್ಪಣೆ ಇದರ ಹತ್ತಿರವೇ ಕೇಳಲೆ?"

ಊರ ಹೆಂಗಸರು ಯಾರನ್ನೂ ಕೇಳದೆ ನೀರಿಗಿಳಿದು ಬಾಣಂತಿಯನ್ನು ಎತ್ತಿಕೊಂಡು ಹೋದರು. ಆ ಕೂಸು ಮೊದಲು ತೊದಲಿದ್ದು ನೂಪೆ ಮಾತನ್ನು. ಮಣಿಗಾರನ ಮಣಿಗಳೂ ಸಂತೆಯಲ್ಲಿ ನೂಪೆ ಮಣಿಗಳೆನಿಸಿಕೊಂಡವು.

ಗುರು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅದಿರಲಿ ಗುರುಗಳೇ, ಬೆಸ್ತ, ರೈತ ಇಬ್ಬರಲ್ಲಿ ಮೊದಲು ಬಂದವರು ಯಾರೆಂದು ಕೊನೆಗೆ ತೀರ್ಮಾನವಾಯಿತೆ?" ಎಂದ.

"ಆಯಿತಪ್ಪಾ, ಇಬ್ಬರೂ ಬಂದವರೇ ಎಂದು."