ಹೆಸರು ಕೆತ್ತಿಸಿದ ಲೋಟ

ಸಂಸ್ಥೆಗಳಲ್ಲಿ ಬದಲಾವಣೆ ತರುವುದು ಹೇಗೆಂದು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವುದು ಪ್ರೊಫೆಸರ್ ಸೋಮಶೇಖರಯ್ಯನವರ ಕಸುಬು. ಮೌಖಿಕ ಪರೀಕ್ಷೆಯ ದಿನ ವಿದ್ಯಾರ್ಥಿನಿ ನೀಲಾಂಬಿಕೆಯ ಮುಂದೆ ಮೀಸೆ ತಿರುವಿದರು.

"ನಷ್ಟವೇ ಇಲ್ಲದ ಬದಲಾವಣೆಗೂ ಜನ ಯಾಕಮ್ಮ ಅಡ್ಡ ಬರ್ತಾರೆ? ಪುಸ್ತಕದ ಉತ್ತರ ಹೇಳಿದ್ರೆ ಫೇಲು!"

ಅಷ್ಟರಲ್ಲಿ ಟೀ ಬಂತು. ಹೊರಗಿನಿಂದ ಬಂದ ಪರೀಕ್ಷಕರಿಗೆ ಕಾಗದದ ಕಪ್. ಪ್ರೊಫೆಸರಿಗೆ ಎಂದಿನಂತೆ ತಮ್ಮ ಹೆಸರು ಕೆತ್ತಿಸಿದ ಸ್ಟೀಲ್ ಲೋಟ. ನೀಲಾಂಬಿಕೆ ಮೆಲ್ಲಗೆ ಎದ್ದು ಎರಡನ್ನೂ ಅದಲು ಬದಲು ಮಾಡಿದಳು.

"ಏಯ್! ಅದು ನನ್ನ ಲೋಟ!" ಪ್ರೊಫೆಸರು ಕುರ್ಚಿಯಿಂದ ಎದ್ದೇಬಿಟ್ಟರು.

"ಟೀ ಅದೇ ಅಲ್ವಾ ಸರ್, ನಷ್ಟ ಏನು?" ಅಂದಳು.

ಪರೀಕ್ಷಕರು ಹೊಟ್ಟೆ ಅಲುಗುವಂತೆ ನಕ್ಕರು. "ಉತ್ತರ ನಿಮ್ಮ ಬಾಯಿಂದಲೇ ಬಂತಲ್ಲ ಸರ್!"

ಪ್ರೊಫೆಸರು ತಲೆ ಕೆರೆದುಕೊಂಡು ಅಂಕವನ್ನೇನೋ ಧಾರಾಳವಾಗಿ ಕೊಟ್ಟರು. ಲೋಟವನ್ನು ಮಾತ್ರ ಕೊಡಲಿಲ್ಲ.